ಮನೆಯಲ್ಲೇ ಹಾಡಿನ ರೆಕಾರ್ಡಿಂಗ್: ಕಂಪ್ಯೂಟರ್ ಕೊಳ್ಳುವ ಮುನ್ನ

ಮನೆಯ ಒಂದು ಕೋಣೆಯಲ್ಲೇ ಹಾಡು ರೆಕಾರ್ಡ್ ಮಾಡಿಕೊಳ್ಳಬೇಕು ಎಂದು ಹೊರಟವರು ಮೊದಲು ವಿಚಾರಿಸುವುದು ‘ಯಾವ ಕಂಪ್ಯೂಟರ್ ತಗೊಳ್ಳಲಿ?’ ಎಂದು. ಅಂಗಡಿಯಲ್ಲಿ ಎಷ್ಟೋ ಸಲ ಗೇಮಿಂಗ್ ಲ್ಯಾಪ್‌ಟಾಪ್ ಮುಂದೆ ಬರುತ್ತದೆ. ಅದರ ಬೆಲೆಯ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಹೋಗುತ್ತದೆ. ಹಾಡಿಗೆ ಆ ಕಾರ್ಡಿನಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಅದನ್ನು ತಣ್ಣಗಿಡಲು ತಿರುಗುವ ಫ್ಯಾನಿನ ಸದ್ದು ಮಾತ್ರ ಮೈಕಿಗೆ ಸ್ಪಷ್ಟವಾಗಿ ಕೇಳುತ್ತದೆ.

ರೆಕಾರ್ಡಿಂಗ್‌ಗೆ ಬಳಸುವ ಯಂತ್ರದಿಂದ ನಾವು ಬಯಸಬೇಕಾದದ್ದು ಮೂರೇ: ದನಿ ತಡವಾಗಬಾರದು, ನಡುವೆ ತುಂಡಾಗಬಾರದು, ಯಂತ್ರ ತಾನಾಗಿ ಗದ್ದಲ ಮಾಡಬಾರದು. ಇವು ಸಿಗಲು ಲಕ್ಷಾಂತರ ರೂಪಾಯಿ ಬೇಕಿಲ್ಲ. ಹಾಡುವವರಿಂದ, ವಾದ್ಯದಿಂದ ಲೆಕ್ಕ ಶುರುಮಾಡಿ ಕಂಪ್ಯೂಟರಿಗೆ ಕೊನೆಯಲ್ಲಿ ಬಂದರೆ ದುಡ್ಡೂ ಉಳಿಯುತ್ತದೆ, ಕೆಲಸವೂ ಆಗುತ್ತದೆ.

ಹಂತ 1: ಏನು ರೆಕಾರ್ಡ್ ಮಾಡುತ್ತೀರಿ, ಬರೆದುಕೊಳ್ಳಿ

ಒಂದೇ ಹೊತ್ತಿಗೆ ಎಷ್ಟು ಮೈಕ್ ಬೇಕು ಎಂಬುದು ಮೊದಲ ಪ್ರಶ್ನೆ. ಕರೋಕೆ ಟ್ರ್ಯಾಕಿಗೆ ಭಾವಗೀತೆ ಹಾಡುವವರಿಗೆ ಒಂದು ಸಾಕು. ಗಿಟಾರ್ ನುಡಿಸುತ್ತಾ ಹಾಡುವವರಿಗೆ ಎರಡು. ಗಾಯನ, ಪಿಟೀಲು, ಮೃದಂಗದ ಪುಟ್ಟ ಕಛೇರಿಯನ್ನು ಒಟ್ಟಿಗೆ ಹಿಡಿಯಬೇಕಾದರೆ ನಾಲ್ಕು: ಹಾಡುಗಾರರಿಗೆ ಒಂದು, ಪಿಟೀಲಿಗೆ ಒಂದು, ಮೃದಂಗದ ಎರಡೂ ಬದಿಗೆ ಒಂದೊಂದು. ತಂಬೂರಿ ಆ್ಯಪ್ ಬಳಸುವವರು ಅದನ್ನು ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳಿ. ಸ್ಪೀಕರಿನಲ್ಲಿ ಹಾಕಿದರೆ ಶ್ರುತಿಯೂ ನಿಮ್ಮ ದನಿಯ ಟ್ರ್ಯಾಕಿಗೆ ಸೇರಿಕೊಳ್ಳುತ್ತದೆ, ಆಮೇಲೆ ಬಿಡಿಸಿ ತೆಗೆಯುವುದು ಕಷ್ಟ.

ಎರಡನೆಯ ಪ್ರಶ್ನೆ: ಕೀಬೋರ್ಡಿನಲ್ಲಿ ನುಡಿಸಿ ಕಂಪ್ಯೂಟರಿನೊಳಗಿನ ಪಿಯಾನೊ, ಪಿಟೀಲು ಸಮೂಹ, ಡ್ರಮ್ಸ್ ಬಳಸುತ್ತೀರಾ? ಹೌದಾದರೆ ರ‍್ಯಾಮ್ ಹೆಚ್ಚು ಬೇಕು. ಬರೀ ಮೈಕಿನ ದನಿಯಾದರೆ ಸಾಧಾರಣ ಯಂತ್ರವೇ ಸಾಕು.

ಹಂತ 2: ಇರುವ ಕಂಪ್ಯೂಟರನ್ನೇ ಪರೀಕ್ಷಿಸಿ

ಮನೆಯಲ್ಲಿ ಕಚೇರಿ ಕೆಲಸಕ್ಕೋ ಮಕ್ಕಳ ಓದಿಗೋ ಕೊಂಡ ಲ್ಯಾಪ್‌ಟಾಪ್ ಇದ್ದರೆ ಅದರಿಂದಲೇ ಆರಂಭಿಸಿ. ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶವನ್ನು 60 ದಿನ ಉಚಿತವಾಗಿ ಬಳಸಿ ನೋಡಬಹುದು. ಆ್ಯಪಲ್ ಕಂಪ್ಯೂಟರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ. ಹತ್ತು ಟ್ರ್ಯಾಕ್ ಹಾಕಿ, ಒಂದೆರಡಕ್ಕೆ ರಿವರ್ಬ್ ಸೇರಿಸಿ ನುಡಿಸಿ. ನಡುವೆ ಚಟಚಟ ಸದ್ದು ಬರದಿದ್ದರೆ ಹೊಸದು ಕೊಳ್ಳುವ ತುರ್ತಿಲ್ಲ.

ಚಟಚಟ ಬಂದರೂ ಅವಸರ ಬೇಡ. ವೈ–ಫೈ, ಬ್ಲೂಟೂತ್ ಆಫ್ ಮಾಡಿ, ಬ್ರೌಸರ್ ಮುಚ್ಚಿ, ಪವರ್ ಸೆಟ್ಟಿಂಗನ್ನು ‘ಹೈ ಪರ್ಫಾರ್ಮೆನ್ಸ್’ಗೆ ಬದಲಿಸಿ ಮತ್ತೆ ನೋಡಿ. ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಎಂಬ ಉಚಿತ ಸಲಕರಣೆಯನ್ನು ಹತ್ತು ನಿಮಿಷ ಓಡಿಸಿದರೆ ಯಾವ ಡ್ರೈವರ್ ಅಡ್ಡಿಮಾಡುತ್ತಿದೆ ಎಂದು ಹೆಸರು ಹಿಡಿದು ತೋರಿಸುತ್ತದೆ.

ಹಂತ 3: ಮೊದಲ ಖರೀದಿ ಆಡಿಯೊ ಇಂಟರ್ಫೇಸ್

ಲ್ಯಾಪ್‌ಟಾಪಿನ ಪುಟ್ಟ ಮೈಕ್ ತೂತು ಹಾಡಿನ ರೆಕಾರ್ಡಿಂಗ್‌ಗೆ ಆಗಿಬರುವುದಿಲ್ಲ. ಸ್ಟುಡಿಯೊ ಮಾದರಿಯ ಕಂಡೆನ್ಸರ್ ಮೈಕಿಗೆ 48 ವೋಲ್ಟ್ ವಿದ್ಯುತ್ ಬೇಕು. ಅದನ್ನು ಕೊಡುವುದು, ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವುದು, ಅಂಕಿಗಳಾಗಿ ಬದಲಿಸಿ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕಳಿಸುವುದು ಆಡಿಯೊ ಇಂಟರ್ಫೇಸಿನ ಕೆಲಸ. ಫೋಕಸ್‌ರೈಟ್, ಬೆಹ್ರಿಂಗರ್, ಮೋಟು ಮುಂತಾದ ಕಂಪನಿಗಳ ಒಂದು, ಎರಡು, ನಾಲ್ಕು ಮೈಕಿನ ಮಾದರಿಗಳು ಸಿಗುತ್ತವೆ. ಕೊಳ್ಳುವಾಗ ಮೂರು ಸಂಗತಿ ನೋಡಿ.

• ಮೈಕ್ ಜೋಡಿಸುವ ಎಕ್ಸ್‌ಎಲ್‌ಆರ್ ಕಿಂಡಿಗಳು ನಿಮ್ಮ ಲೆಕ್ಕಕ್ಕೆ ಸರಿಹೋಗಬೇಕು. ‘ನಾಲ್ಕು ಇನ್‌ಪುಟ್’ ಎಂದು ಪೆಟ್ಟಿಗೆಯ ಮೇಲಿದ್ದರೂ ಮೈಕಿಗೆ ಎರಡೇ ಇರಬಹುದು.
• ವಿಂಡೋಸ್ ಬಳಸುವವರಿಗೆ ಕಂಪನಿಯದೇ ಎಎಸ್‌ಐಒ ಡ್ರೈವರ್ ಇರಬೇಕು. ಸ್ಟೈನ್‌ಬರ್ಗ್ ಕಂಪನಿ ರೂಪಿಸಿದ ಈ ವ್ಯವಸ್ಥೆ ವಿಂಡೋಸ್‌ನ ಸುತ್ತುಬಳಸು ದಾರಿ ತಪ್ಪಿಸಿ ದನಿಯನ್ನು ನೇರ ಒಯ್ಯುತ್ತದೆ. ಆ್ಯಪಲ್‌ನಲ್ಲಿ ಕೋರ್ ಆಡಿಯೊ ಮೊದಲೇ ಇರುತ್ತದೆ.
• ‘ಡೈರೆಕ್ಟ್ ಮಾನಿಟರ್’ ಗುಂಡಿ ಇರಬೇಕು. ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ಬರುವ ಮೊದಲೇ ಹೆಡ್‌ಫೋನಿಗೆ ತಲುಪುವುದು ಇದರಿಂದ.

ಯುಎಸ್‌ಬಿ 2.0 ಹಳೆಯದೆಂಬ ಅಳುಕು ಬೇಡ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಎರಡು ಮೈಕಿನ ದನಿಗೆ ಸೆಕೆಂಡಿಗೆ ಬೇಕಾದದ್ದು ಸುಮಾರು 2.3 ಮೆಗಾಬಿಟ್. ಯುಎಸ್‌ಬಿ 2.0 ದಾರಿಯ ಗರಿಷ್ಠ ವೇಗ 480 ಮೆಗಾಬಿಟ್.

ಹಂತ 4: ತಡದ ಲೆಕ್ಕ ತಿಳಿದಿರಲಿ

ಕಂಪ್ಯೂಟರ್ ದನಿಯನ್ನು ಹನಿಹನಿಯಾಗಿ ಅಲ್ಲ, ಕೊಡದಲ್ಲಿ ತುಂಬಿಸಿ ಒಯ್ಯುತ್ತದೆ. ಆ ಕೊಡವೇ ಬಫರ್. ಕೊಡ ಚಿಕ್ಕದಾದರೆ ಬೇಗ ತುಂಬುತ್ತದೆ, ಆದರೆ ಪ್ರೊಸೆಸರ್ ಮೇಲಿಂದ ಮೇಲೆ ಓಡಾಡಬೇಕು. ದೊಡ್ಡದಾದರೆ ಅದಕ್ಕೆ ಬಿಡುವು ಸಿಗುತ್ತದೆ, ದನಿ ತಡವಾಗುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ ತುಂಬಲು 2.7 ಮಿಲಿಸೆಕೆಂಡ್ ಸಾಕು. 1024 ಇಟ್ಟರೆ 21 ಮಿಲಿಸೆಕೆಂಡ್. ಒಳಬರುವಾಗಲೂ ಹೊರಹೋಗುವಾಗಲೂ ಈ ತಡ ಇರುವುದರಿಂದ ಒಟ್ಟು ತಡ ಇದರ ಎರಡರಷ್ಟಕ್ಕಿಂತ ತುಸು ಹೆಚ್ಚೇ.

ಗಾಳಿಯಲ್ಲಿ ದನಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಮೂರು ಮೀಟರ್ ಆಚೆ ಕೂತ ಮೃದಂಗವನ್ನು ಕೇಳುತ್ತಾ ಹಾಡುವವರು 9 ಮಿಲಿಸೆಕೆಂಡಿಗೆ ಹೊಂದಿಕೊಂಡೇ ಇರುತ್ತಾರೆ. ಆದ್ದರಿಂದ ಒಟ್ಟು ತಡ 10 ಮಿಲಿಸೆಕೆಂಡ್ ಆಸುಪಾಸಿನಲ್ಲಿದ್ದರೆ ಹೆಚ್ಚಿನವರಿಗೆ ತೊಡಕಾಗದು. 40 ದಾಟಿದರೆ ತನ್ನದೇ ದನಿ ಹಿಂದೆ ಬಿದ್ದಂತೆ ಕೇಳಿ ಲಯ ಜಾರುತ್ತದೆ. ಹಾಡುವಾಗ ಬಫರ್ 128, ಹಾಡಿ ಮುಗಿಸಿ ಮಿಕ್ಸಿಂಗ್‌ಗೆ ಕೂತಾಗ 1024 ಎಂದಿಟ್ಟುಕೊಳ್ಳಿ. ಬ್ಲೂಟೂತ್ ಹೆಡ್‌ಫೋನ್ ಇಲ್ಲಿ ಬೇಡವೇ ಬೇಡ, ಅದರ ತಡ ಸಾಮಾನ್ಯವಾಗಿ ನೂರು ಮಿಲಿಸೆಕೆಂಡನ್ನೂ ಮೀರುತ್ತದೆ. ವೈರ್ ಇರುವ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಕೊಳ್ಳಿ.

ಹಂತ 5: ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ

ಪ್ರೊಸೆಸರ್: ಒಂದು ಟ್ರ್ಯಾಕಿಗೆ ಹಾಕಿದ ಈಕ್ಯು, ಕಂಪ್ರೆಸರ್, ರಿವರ್ಬ್ ಒಂದರ ಹಿಂದೊಂದು ಸಾಲಾಗಿ ಕೆಲಸ ಮಾಡುತ್ತವೆ. ಆ ಸಾಲು ಸಾಮಾನ್ಯವಾಗಿ ಒಂದೇ ಕೋರ್ ಮೇಲೆ ಬೀಳುತ್ತದೆ. ಹೀಗಾಗಿ ಕೋರುಗಳ ಸಂಖ್ಯೆಯಷ್ಟೇ ಒಂದೊಂದು ಕೋರಿನ ವೇಗವೂ ಮುಖ್ಯ. ಈಚಿನ ಕೋರ್ ಐ5 ಅಥವಾ ರೈಜನ್ 5 ಹವ್ಯಾಸಿಗೆ ಧಾರಾಳ. 2020ರಲ್ಲಿ ಬಂದ ಎಂ1 ಚಿಪ್ಪಿನ ಮತ್ತು ಆನಂತರದ ಮ್ಯಾಕ್‌ಬುಕ್ ಏರ್‌ಗಳಲ್ಲಿ ಫ್ಯಾನೇ ಇಲ್ಲ. ಕಂಪ್ಯೂಟರ್ ಇರುವ ಕೋಣೆಯಲ್ಲೇ ಹಾಡುವವರಿಗೆ ಇದು ದೊಡ್ಡ ಅನುಕೂಲ.

ರ‍್ಯಾಮ್: ಬರೀ ದನಿಗೆ 8 ಜಿಬಿ ನಡೆಯುತ್ತದೆ, 16 ಜಿಬಿ ನೆಮ್ಮದಿ. ಕಂಪ್ಯೂಟರ್ ವಾದ್ಯಗಳನ್ನು ಬಹಳ ಬಳಸುವವರು 32ರತ್ತ ನೋಡಲಿ. ಮ್ಯಾಕ್‌ಬುಕ್‌ಗಳಲ್ಲಿ, ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಆಮೇಲೆ ಸೇರಿಸಲಾಗದು. ಕೊಳ್ಳುವ ದಿನವೇ ನಿರ್ಧರಿಸಿ.

ಎಸ್‌ಎಸ್‌ಡಿ: 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ ತಿನ್ನುತ್ತದೆ. ಹತ್ತು ಟ್ರ್ಯಾಕಿನ ಐದು ನಿಮಿಷದ ಹಾಡಿಗೆ 430 ಎಂಬಿ. ಮತ್ತೆ ಮತ್ತೆ ಹಾಡಿದ ಟೇಕುಗಳೂ ಸೇರಿ ಎರಡು ಮೂರು ಜಿಬಿ ಆದರೂ 512 ಜಿಬಿಯಲ್ಲಿ ಬಹಳ ಹಾಡು ಹಿಡಿಸುತ್ತವೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಹಾರ್ಡ್‌ಡಿಸ್ಕ್ ಇದ್ದರೆ ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ. ಕಡಿಮೆ ಖರ್ಚಿನಲ್ಲಿ ಆಗುವ ಅತಿ ದೊಡ್ಡ ಸುಧಾರಣೆ ಇದು. ತೆಗೆದ ಹಾರ್ಡ್‌ಡಿಸ್ಕಿಗೆ ಯುಎಸ್‌ಬಿ ಕವಚ ಹಾಕಿದರೆ ಬ್ಯಾಕಪ್ ಡಿಸ್ಕ್ ಸಿದ್ಧ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನೆನಪಿಡಿ: ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಆನಂತರದ ಪ್ರೊಸೆಸರ್ ಬೇಕು.

ಹಂತ 6: ಕರೆಂಟಿನ ಗುಂಯ್ ಸದ್ದು

ಹೊಸ ಸಾಮಾನು ಜೋಡಿಸಿದ ಮೇಲೂ ಹಿನ್ನೆಲೆಯಲ್ಲಿ ಗುಂಯ್ ಎನ್ನುತ್ತಿದ್ದರೆ ಮೈಕನ್ನೇ ದೂರಬೇಡಿ. ನಮ್ಮ ಕರೆಂಟಿನ 50 ಹರ್ಟ್ಸ್ ಕಂಪನ ಅರ್ತಿಂಗ್ ಸರಿಯಿಲ್ಲದ ಮನೆಗಳಲ್ಲಿ ಹೀಗೆ ನುಸುಳುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ದೋಷ ಚಾರ್ಜರಿನಲ್ಲಿ ಅಥವಾ ಅರ್ತಿಂಗ್‌ನಲ್ಲಿ ಇದೆ ಎಂದರ್ಥ. ಎಲೆಕ್ಟ್ರಿಷಿಯನ್ ಕರೆಸಿ ಸರಿಪಡಿಸಿ. ಪ್ಲಗ್ಗಿನ ಮೂರನೇ ಪಿನ್ ಮುರಿದು ಸದ್ದು ನಿಲ್ಲಿಸುವ ಸಾಹಸ ಪ್ರಾಣಕ್ಕೇ ಕುತ್ತು. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಮನೆ ಓಡುತ್ತಿರುವಾಗ ರೆಕಾರ್ಡಿಂಗ್ ಬೇಡ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಕಡ್ಡಾಯ.

ಅಂಗಡಿಯಲ್ಲಿ ಏನು ನೋಡಬೇಕು?

ಬೆಂಗಳೂರಿನ ಎಸ್‌.ಪಿ. ರಸ್ತೆಯಿರಲಿ, ನಿಮ್ಮೂರಿನ ಅಂಗಡಿಯಿರಲಿ, ಈ ಪಟ್ಟಿ ಕೈಯಲ್ಲಿರಲಿ.

• ಐದು ನಿಮಿಷ ವಿಡಿಯೊ ಓಡಿಸಿ ಫ್ಯಾನಿಗೆ ಕಿವಿಗೊಡಿ.
• ಇಂಟರ್ಫೇಸ್, ಬ್ಯಾಕಪ್ ಡಿಸ್ಕ್, ಮೌಸ್ ಮೂರಕ್ಕೂ ಸಾಕಾಗುವಷ್ಟು ಯುಎಸ್‌ಬಿ ಕಿಂಡಿಗಳಿವೆಯೇ ಎಣಿಸಿ.
• ರ‍್ಯಾಮ್, ಎಸ್‌ಎಸ್‌ಡಿ ಮುಂದೆ ಬದಲಿಸಬಹುದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.
• ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಾದರಿ ಕೇಳಿ.
• ಹಿಂದಿರುಗಿಸುವ, ಬದಲಿಸುವ ನಿಯಮವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಹಣ ಹಂಚುವ ಕ್ರಮ ಇದು: ಮೊದಲು ಇಂಟರ್ಫೇಸ್ ಮತ್ತು ಮೈಕ್, ನಂತರ ಹೆಡ್‌ಫೋನ್, ಆಮೇಲೆ ಎಸ್‌ಎಸ್‌ಡಿ, ರ‍್ಯಾಮ್, ಇವೆಲ್ಲ ಆದ ಮೇಲೂ ಸಾಲದಾದರೆ ಹೊಸ ಕಂಪ್ಯೂಟರ್. ತಂದ ವಾರವೇ ಒಂದು ಹಾಡನ್ನು ಮೊದಲಿನಿಂದ ಕೊನೆವರೆಗೆ ರೆಕಾರ್ಡ್ ಮಾಡಿ, ಮಿಕ್ಸ್ ಮಾಡಿ, ಮನೆಯವರಿಗೆ ಕೇಳಿಸಿ. ದೋಷವಿದ್ದರೆ ಬದಲಿಸಿಕೊಳ್ಳುವ ಅವಧಿಯೊಳಗೇ ಗೊತ್ತಾಗುತ್ತದೆ. ದೋಷವಿಲ್ಲದಿದ್ದರೆ ನಿಮ್ಮ ಮೊದಲ ಹಾಡು ಆಗಲೇ ಸಿದ್ಧವಾಗಿರುತ್ತದೆ, ಇನ್ನು ಸಲಕರಣೆಯ ಚಿಂತೆ ಬಿಟ್ಟು ಅಭ್ಯಾಸಕ್ಕೆ ಕೂರಬಹುದು.