ಓಣಿ ಸುಧಾರಣಾ ಸಂಘ: ಕಟ್ಟುವುದು ಹೇಗೆ, ನಡೆಸುವುದು ಹೇಗೆ?



ರಾಜ್ಯಶಾಸ್ತ್ರದಲ್ಲಿ ನಾವು ಸ್ಥಳೀಯ ಸರ್ಕಾರದ ಬಗ್ಗೆ ಓದುತ್ತೇವೆ. ಸಮಾಜಶಾಸ್ತ್ರದಲ್ಲಿ ನೆರೆಹೊರೆ, ಸಮುದಾಯ ಎಂಬ ಪದಗಳು ಬರುತ್ತವೆ. ಲೆಕ್ಕಶಾಸ್ತ್ರದಲ್ಲಿ ನಗದು ಪುಸ್ತಕ ಬರೆಯುತ್ತೇವೆ. ಈ ಮೂರೂ ವಿಷಯಗಳು ಒಂದೇ ಕಡೆ ಕೂಡುವ ಜಾಗ ನಮ್ಮ ಮನೆಯ ಹೊಸ್ತಿಲ ಆಚೆಗೇ ಇದೆ. ಅದು ನಮ್ಮ ಓಣಿ. ಓಣಿಯ ಜನ ಸೇರಿ ತಮ್ಮ ಓಣಿಯ ಕೆಲಸಕ್ಕೆಂದು ಮಾಡಿಕೊಳ್ಳುವ ಸಂಘವನ್ನು ಹೇಗೆ ಕಟ್ಟಬೇಕು, ಕಟ್ಟಿದ್ದನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದು ಈ ಪಾಠದ ವಿಷಯ.

ಜುಗೂಳದಂಥ ಊರಿಗೆ ಇದು ಬರೀ ಪರೀಕ್ಷೆಯ ಪ್ರಶ್ನೆಯಲ್ಲ. ನಮ್ಮೂರು ಕೃಷ್ಣೆಯ ದಂಡೆಯ ಮೇಲಿದೆ. ಹೊಳೆಯ ಆಚೆ ದಂಡೆ ಮಹಾರಾಷ್ಟ್ರ. 2005, 2019 ಮತ್ತು 2021ರ ಮಳೆಗಾಲಗಳಲ್ಲಿ ಹೊಳೆ ಉಕ್ಕಿ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಭಾಗದ ನದಿತೀರದ ಜನ ಪಟ್ಟ ಪಾಡು ಎಲ್ಲರಿಗೂ ಗೊತ್ತು. ನೀರು ಓಣಿಯೊಳಗೆ ಬಂದಾಗ ಮೊದಲು ಕೈ ಹಿಡಿಯುವವರು ಪಕ್ಕದ ಮನೆಯವರು. ಸರ್ಕಾರದ ದೋಣಿ ಬರುವುದು ಆಮೇಲೆ. ಆ ಪಕ್ಕದ ಮನೆಯವರು ಮೊದಲೇ ಸೇರಿ ಮಾತಾಡಿಕೊಂಡಿದ್ದರೆ ಒಂದು ರೀತಿ, ಇಲ್ಲದಿದ್ದರೆ ಇನ್ನೊಂದು ರೀತಿ.

ಇದು ಹೊಸ ವಿಚಾರವೇ?

ಅಲ್ಲ. ಮುಯ್ಯಿ ಆಳು ನಮ್ಮ ಭಾಗದ ಹಳೆಯ ಪದ್ಧತಿ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಜಾತ್ರೆಗೆ, ಉರುಸಿಗೆ, ಮೊಹರಂಗೆ ಮನೆಮನೆಯಿಂದ ಪಟ್ಟಿ ಎತ್ತುವುದು, ಪಂಚರು ಕೂತು ಖರ್ಚು ಹೇಳುವುದು ಕೂಡ ಹಳೆಯದೇ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮೊಹರಂ ಹಬ್ಬವನ್ನು ಹಿಂದೂ-ಮುಸ್ಲಿಂ ಎನ್ನದೆ ಊರೆಲ್ಲ ಸೇರಿ ನಡೆಸುತ್ತದೆ. ಅಂದರೆ ಕೂಡಿ ಕೆಲಸ ಮಾಡುವ ಅಭ್ಯಾಸ ನಮ್ಮಲ್ಲಿದೆ. ಹಬ್ಬ ಮುಗಿದ ಮೇಲೆ ಆ ಕೂಟವೂ ಚದುರಿಹೋಗುತ್ತದೆ ಎಂಬುದೊಂದೇ ಕೊರತೆ.

ಚದುರದೆ ಉಳಿದ ಉದಾಹರಣೆಗಳೂ ಇವೆ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಕಟ್ಟಿದ ಸಹಕಾರಿ ಪತ್ತಿನ ಸಂಘ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದು. ಭಟ್ಕಳದಲ್ಲಿ 1912ರಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಜೀಮ್, 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಹುಟ್ಟಿದವು. ‘ಇಸ್ಲಾಹ್’ ಎಂದರೆ ಸುಧಾರಣೆ, ‘ತಂಜೀಮ್’ ಎಂದರೆ ಸಂಘಟನೆ. ಹೆಸರಿನಲ್ಲೇ ನಮ್ಮ ಪಾಠದ ಎರಡು ಪದಗಳಿವೆ. ಇಂಥ ಸಂಸ್ಥೆಗಳು ನೂರು ವರ್ಷ ದಾಟಿ ನಿಂತಿವೆ. ಕಟ್ಟಿದವರು ತೀರಿಹೋದ ಮೇಲೂ ನಡೆಯುವಂತೆ ನಿಯಮ, ಸಭೆ, ಲೆಕ್ಕ ಇದ್ದರೆ ಮಾತ್ರ ಸಂಘವೊಂದು ಅಷ್ಟು ಕಾಲ ಬಾಳುತ್ತದೆ.

ಮೊದಲ ಹೆಜ್ಜೆ: ಒಂದು ಸಣ್ಣ ಕೆಲಸ

ಸಂಘಕ್ಕೆ ಮೊದಲು ಹೆಸರು, ಫಲಕ, ಅಧ್ಯಕ್ಷರು ಎಂದು ಹೊರಟರೆ ಜಗಳದಿಂದಲೇ ಆರಂಭವಾಗುತ್ತದೆ. ಮೊದಲು ಕೆಲಸ ಹುಡುಕಬೇಕು. ಎಲ್ಲರಿಗೂ ಬೇಕಾದ, ಒಂದೇ ದಿನದಲ್ಲಿ ಮುಗಿಯುವ, ಕಣ್ಣಿಗೆ ಕಾಣುವ ಕೆಲಸ. ಮಳೆಗಾಲಕ್ಕೆ ಮುಂಚೆ ಗಟಾರ ತೆಗೆಯುವುದು ಇದಕ್ಕೆ ಸರಿಯಾದದ್ದು. ಮನೆಮನೆಗೆ ಹೋಗಿ ಕೇಳುವಾಗ ಮಾತು ಹೀಗಿರಲಿ:

“ಕಾಕಾ, ಗಟಾರ ತುಂಬೇತಿ. ಭಾನುವಾರ ಮುಂಜಾನೆ ಓಣ್ಯಾಗಿನವರೆಲ್ಲಾ ಸೇರಿ ತಗೀಬೇಕಂತೀವಿ. ನಿಮ್ಮ ಮನಿಯಿಂದ ಒಬ್ಬರು ಬರ್ತೀರೇನ್ರಿ?”

“ನನಗ ಸೊಂಟ ನೋವೈತೆಪಾ. ಸಲಿಕಿ ಐತಿ, ಒಯ್ರಿ. ಚಾ ನಮ್ಮ ಮನ್ಯಾಗ ಆಗಲಿ.”

ಸಲಿಕೆ ಕೊಟ್ಟವರೂ ಚಹಾ ಕೊಟ್ಟವರೂ ಅಂದು ಸಂಘದ ಸದಸ್ಯರೇ. ಯಾರ ಮನೆಯ ಮುಂದೆ ಕಸ ಹೆಚ್ಚಿದೆ ಎಂದು ಬೆರಳು ತೋರಿಸುವ ಬದಲು ‘ನಮ್ಮ ಗಟಾರ’ ಎಂದರೆ ಅರ್ಧ ಕೆಲಸ ಮುಗಿದಂತೆ.

ಎರಡನೇ ಹೆಜ್ಜೆ: ಸಭೆ ಮತ್ತು ಪದಾಧಿಕಾರಿಗಳು

ಎರಡು-ಮೂರು ಕೆಲಸಗಳಾದ ಮೇಲೆ ಸಭೆ ಕರೆಯಬೇಕು. ಯಾರು ಮುಂದೆ ನಿಂತು ದುಡಿದರು ಎಂಬುದು ಅಷ್ಟರಲ್ಲಿ ಓಣಿಗೇ ಗೊತ್ತಾಗಿರುತ್ತದೆ. ಮೂರು ಸ್ಥಾನಗಳು ಸಾಕು.

ಅಧ್ಯಕ್ಷರು ಸಭೆ ನಡೆಸುತ್ತಾರೆ. ಎಲ್ಲರಿಗೂ ಮಾತಾಡಲು ಅವಕಾಶ ಕೊಡುವುದು ಅವರ ಮುಖ್ಯ ಕೆಲಸ. ಕಾರ್ಯದರ್ಶಿ ನೋಟಿಸು ಕೊಡುತ್ತಾರೆ, ನಡಾವಳಿ ಬರೆಯುತ್ತಾರೆ, ಪಂಚಾಯಿತಿಗೆ ಅರ್ಜಿ ಬರೆಯುತ್ತಾರೆ. ಖಜಾಂಚಿ ಹಣ ಮತ್ತು ಪಾವತಿ ಪುಸ್ತಕ ನೋಡಿಕೊಳ್ಳುತ್ತಾರೆ. ಒಬ್ಬರೇ ಎರಡು ಹುದ್ದೆ ಹಿಡಿಯಬಾರದು. ಅವಧಿ ಒಂದು ಅಥವಾ ಎರಡು ವರ್ಷ ಎಂದು ಮೊದಲೇ ಬರೆದಿಡಬೇಕು.

ನಡಾವಳಿಯಲ್ಲಿ ದಿನಾಂಕ, ಬಂದವರ ಸಹಿ, ಚರ್ಚೆಯಾದ ವಿಷಯ, ಆದ ಠರಾವು, ಸೂಚಕರು ಮತ್ತು ಅನುಮೋದಕರ ಹೆಸರು, ಆ ಕೆಲಸ ಯಾರು ಯಾವ ದಿನದೊಳಗೆ ಮಾಡಬೇಕು ಎಂಬುದು ಇರಲೇಬೇಕು. ಕೊನೆಯದನ್ನು ಬರೆಯದ ಠರಾವು ಬರೀ ಆಸೆಯಾಗಿ ಉಳಿಯುತ್ತದೆ.

ಸಭೆಯ ಹೊತ್ತು ಕೂಡ ಒಂದು ನ್ಯಾಯದ ಪ್ರಶ್ನೆ. ರಾತ್ರಿ ಒಂಬತ್ತಕ್ಕೆ ಕಟ್ಟೆಯ ಮೇಲೆ ಸಭೆ ಇಟ್ಟರೆ ಗಂಡಸರು ಮಾತ್ರ ಬರುತ್ತಾರೆ. ಆದರೆ ನೀರು ತುಂಬುವವರು, ಗಟಾರದ ವಾಸನೆಯಲ್ಲಿ ದಿನವಿಡೀ ಇರುವವರು, ಮಗುವಿಗೆ ಜ್ವರ ಬಂದಾಗ ಎದ್ದು ಕೂರುವವರು ಹೆಚ್ಚಾಗಿ ಹೆಂಗಸರು. ಅವರಿಗೆ ಅನುಕೂಲವಾದ ಹೊತ್ತು ಕೇಳಿ ಸಭೆ ಇಡಬೇಕು. ಬಾಡಿಗೆ ಮನೆಯವರನ್ನೂ ಕರೆಯಬೇಕು. ಮನೆ ಸ್ವಂತದ್ದಲ್ಲದಿದ್ದರೂ ಓಣಿ ಅವರದೂ ಹೌದು.

ಮೂರನೇ ಹೆಜ್ಜೆ: ನೋಂದಣಿ

ಸಣ್ಣ ಕೆಲಸಕ್ಕೆ ನೋಂದಣಿ ಕಡ್ಡಾಯವಲ್ಲ. ಆದರೆ ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ, ದೇಣಿಗೆ, ಸ್ವಂತ ಜಾಗ ಎಂದೆಲ್ಲ ಬಂದಾಗ ಅದು ಬೇಕಾಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ 18 ವರ್ಷ ತುಂಬಿದ ಕನಿಷ್ಠ 7 ಜನ ಸೇರಿ ಸಂಘವನ್ನು ನೋಂದಾಯಿಸಬಹುದು. ಉದ್ದೇಶಗಳ ಪತ್ರ ಮತ್ತು ನಿಯಮಾವಳಿ ಸಲ್ಲಿಸಬೇಕು. ನೋಂದಣಿಯಾದ ಮೇಲೆ ಪ್ರತಿವರ್ಷ ಸರ್ವಸಾಧಾರಣ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಉತ್ಸಾಹದಲ್ಲಿ ನೋಂದಣಿ ಮಾಡಿಸಿ, ವಾರ್ಷಿಕ ಪತ್ರ ಸಲ್ಲಿಸುವುದನ್ನು ಮರೆತ ಸಂಘ ಕಾಗದದ ಮೇಲೂ ಕಷ್ಟಕ್ಕೆ ಬೀಳುತ್ತದೆ.

ನಾಲ್ಕನೇ ಹೆಜ್ಜೆ: ಹಣ ಮತ್ತು ನಂಬಿಕೆ

ಒಂದು ಲೆಕ್ಕ ಕಟ್ಟಿ ನೋಡೋಣ. ಓಣಿಯಲ್ಲಿ 40 ಮನೆ, ಮನೆಗೆ ತಿಂಗಳಿಗೆ 20 ರೂಪಾಯಿ ಎಂದುಕೊಳ್ಳಿ. ತಿಂಗಳಿಗೆ 800, ವರ್ಷಕ್ಕೆ 9,600 ರೂಪಾಯಿ. ಬ್ಲೀಚಿಂಗ್ ಪೌಡರ್, ಹಗ್ಗ, ಬ್ಯಾಟರಿ, ಸಲಿಕೆ-ಬುಟ್ಟಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಂಥವಕ್ಕೆ ಈ ಮೊತ್ತ ಆಧಾರವಾಗುತ್ತದೆ. ಕೊಡಲಾಗದ ಮನೆಯವರು ಒಂದು ದಿನದ ಶ್ರಮ ಕೊಡಲಿ. ಅದನ್ನೂ ಪುಸ್ತಕದಲ್ಲಿ ಬರೆಯಬೇಕು, ಹಣದಷ್ಟೇ ಗೌರವದಿಂದ.

ಸಂಘಗಳು ಮುರಿಯುವುದು ಹೆಚ್ಚಾಗಿ ಹಣ ಕದ್ದುದರಿಂದಲ್ಲ, ಲೆಕ್ಕ ತೋರಿಸದೆ ಇದ್ದುದರಿಂದ. ಖಜಾಂಚಿ ಪ್ರಾಮಾಣಿಕರಾಗಿದ್ದರೂ ಪುಸ್ತಕ ಮುಚ್ಚಿಟ್ಟರೆ ಜನ ಗುಸುಗುಸು ಮಾತಾಡುತ್ತಾರೆ. ಹಾಗಾಗಿ ನಾಲ್ಕು ನಿಯಮ: ಐದು ರೂಪಾಯಿ ಪಡೆದರೂ ಪಾವತಿ ಕೊಡಬೇಕು. ಖಾತೆಯಿಂದ ಹಣ ತೆಗೆಯಲು ಇಬ್ಬರ ಸಹಿ ಇರಬೇಕು. ತಿಂಗಳ ಜಮಾ-ಖರ್ಚನ್ನು ಎಲ್ಲರೂ ನೋಡುವ ಗೋಡೆಗೆ ಹಚ್ಚಬೇಕು. ವರ್ಷಕ್ಕೊಮ್ಮೆ ಸಮಿತಿಯಲ್ಲಿ ಇಲ್ಲದ ಇಬ್ಬರಿಂದ ಪುಸ್ತಕ ತಪಾಸಣೆ ಮಾಡಿಸಬೇಕು. ಯಾರು ಕೊಟ್ಟಿಲ್ಲ ಎಂಬ ಪಟ್ಟಿಯನ್ನು ಮಾತ್ರ ಗೋಡೆಗೆ ಹಚ್ಚಬಾರದು. ಬಡತನವನ್ನು ಬೀದಿಗೆ ಹಾಕುವುದು ಸುಧಾರಣೆಯಲ್ಲ.

ವರ್ಷದ ಕೆಲಸಗಳ ಪಟ್ಟಿ

ಮೇ ತಿಂಗಳು: ಗಟಾರ ಸ್ವಚ್ಛತೆ. ಪ್ರವಾಹದ ತಯಾರಿ.

ಜೂನ್‌ನಿಂದ ಸೆಪ್ಟೆಂಬರ್: ಹೊಳೆಯ ಮೇಲೆ ಕಣ್ಣು, ಸೊಳ್ಳೆಯ ಮೇಲೂ ಕಣ್ಣು. ಡೆಂಗಿ ಹರಡುವ ಸೊಳ್ಳೆ ತಿಳಿ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಹಾಗಾಗಿ ವಾರಕ್ಕೊಂದು ದಿನ ಓಣಿಯ ಎಲ್ಲ ಮನೆಯವರೂ ಬ್ಯಾರೆಲ್, ಹೌದು, ಹಳೆಯ ಟೈರುಗಳನ್ನು ಬರಿದು ಮಾಡಿ ತಿಕ್ಕಿದರೆ ಆ ಸರಪಳಿ ಕಡಿಯುತ್ತದೆ. ಒಂದು ಮನೆ ಬಿಟ್ಟರೂ ಸೊಳ್ಳೆ ಎಲ್ಲರ ಮನೆಗೂ ಬರುತ್ತದೆ. ಸಂಘ ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಸರಳ ಉತ್ತರವಿಲ್ಲ.

ಅಕ್ಟೋಬರ್‌ನಿಂದ ಡಿಸೆಂಬರ್: ಗಿಡಗಳ ಆರೈಕೆ, ಆರೋಗ್ಯ ತಪಾಸಣೆ, ಪಂಚಾಯಿತಿ ಸಭೆಗಳಲ್ಲಿ ಬೇಡಿಕೆ.

ಜನವರಿಯಿಂದ ಮಾರ್ಚ್: ಪರೀಕ್ಷೆಯ ಕಾಲ. ಸಂಜೆ ಏಳರಿಂದ ಒಂಬತ್ತರವರೆಗೆ ಧ್ವನಿವರ್ಧಕ, ಟಿವಿ ಶಬ್ದ ಕಡಿಮೆ ಮಾಡುವ ಒಪ್ಪಂದ. ಪಿಯು ವಿದ್ಯಾರ್ಥಿಗಳು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ, ಇಂಗ್ಲಿಷ್ ಹೇಳಿಕೊಡುವುದು.

ಹೊಳೆ ಬರುವ ಮುಂಚೆ

ಮಳೆಗಾಲದಲ್ಲಿ ಮಹಾರಾಷ್ಟ್ರದ ರಾಜಾಪುರ ಬ್ಯಾರೇಜ್‌ನಿಂದ ಕೃಷ್ಣೆಗೆ ಬರುವ ನೀರಿನ ಪ್ರಮಾಣ ಕ್ಯೂಸೆಕ್ ಲೆಕ್ಕದಲ್ಲಿ ಪತ್ರಿಕೆಗಳಲ್ಲಿ ಬರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಹೆಚ್ಚು. 10,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಪ್ರತಿ ಸೆಕೆಂಡಿಗೆ 283 ಟ್ಯಾಂಕರ್. ವಿಜ್ಞಾನ ವಿದ್ಯಾರ್ಥಿಗಳು ಈ ಅಂಕಿಯನ್ನು ದಿನವೂ ಓಣಿಯ ಫಲಕದಲ್ಲಿ ಬರೆದು, ನಿನ್ನೆಗಿಂತ ಏರಿದೆಯೋ ಇಳಿದಿದೆಯೋ ಎಂದು ತಿಳಿಸಿದರೆ ಅದೇ ದೊಡ್ಡ ಸೇವೆ. ಆದರೆ ಮೊಬೈಲಿನಲ್ಲಿ ಬಂದ ಪ್ರತಿ ಸುದ್ದಿಯನ್ನೂ ಮುಂದೆ ಕಳಿಸಬಾರದು. ತಹಶೀಲ್ದಾರ್ ಕಚೇರಿಯಿಂದಲೋ ಪಂಚಾಯಿತಿಯಿಂದಲೋ ಖಚಿತಪಡಿಸಿಕೊಂಡದ್ದನ್ನು ಮಾತ್ರ ಹೇಳಬೇಕು.

ಸಂಘದ ಬಳಿ ಒಂದು ಓಣಿ ಪಟ್ಟಿ ಇರಬೇಕು. ಯಾವ ಮನೆಯಲ್ಲಿ ನಡೆಯಲಾಗದ ಅಜ್ಜ-ಅಜ್ಜಿ ಇದ್ದಾರೆ, ಯಾರು ಗರ್ಭಿಣಿ, ಯಾರು ಒಬ್ಬಂಟಿ, ಯಾರಿಗೆ ದಿನದ ಔಷಧ ತಪ್ಪಬಾರದು, ಎಷ್ಟು ದನಕರು ಇವೆ, ಯಾರ ಬಳಿ ಟ್ರ್ಯಾಕ್ಟರ್ ಇದೆ. ಪ್ರತಿ ಅಶಕ್ತ ಮನೆಗೆ ಇಬ್ಬರು ಹೊಣೆಗಾರರನ್ನು ಹೆಸರು ಹಿಡಿದು ನೇಮಿಸಬೇಕು. ‘ಯಾರಾದರೂ ಕರೆದುಕೊಂಡು ಹೋಗುತ್ತಾರೆ’ ಎಂದಾಗಲೇ ಯಾರೂ ಹೋಗದೆ ಉಳಿಯುವುದು. ಆಧಾರ್, ರೇಷನ್ ಕಾರ್ಡ್, ಹೊಲದ ಉತಾರ, ಮಕ್ಕಳ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಲು ಮೇ ತಿಂಗಳಲ್ಲೇ ಹೇಳಬೇಕು. ದನಗಳ ಚಿಂತೆಯಿಂದ ಮನೆ ಬಿಡದವರು ಬಹಳ. ಕಾಳಜಿ ಕೇಂದ್ರದ ಹತ್ತಿರ ದನಗಳಿಗೆ ಜಾಗ, ಮೇವು ಎಲ್ಲಿ ಎಂದು ಮೊದಲೇ ಅಧಿಕಾರಿಗಳನ್ನು ಕೇಳಿಟ್ಟುಕೊಂಡರೆ ಮನುಷ್ಯರೂ ಹೊತ್ತಿಗೆ ಸರಿಯಾಗಿ ಹೊರಡುತ್ತಾರೆ. ತುರ್ತಿಗೆ 112, ಆಂಬುಲೆನ್ಸಿಗೆ 108, ಜಿಲ್ಲಾ ವಿಪತ್ತು ಸಹಾಯವಾಣಿಗೆ 1077 ಎಂಬುದನ್ನು ಫಲಕದ ಮೇಲೆ ದೊಡ್ಡದಾಗಿ ಬರೆಯಿರಿ.

ಪಂಚಾಯಿತಿಯೊಂದಿಗೆ ಸಂಬಂಧ

ಓಣಿ ಸಂಘ ಪಂಚಾಯಿತಿಗೆ ಎದುರಾಳಿಯಲ್ಲ, ಬದಲಿಯೂ ಅಲ್ಲ. ರಸ್ತೆ, ಕುಡಿಯುವ ನೀರು, ಬೀದಿದೀಪ ಪಂಚಾಯಿತಿಯ ಹೊಣೆ. ಅದನ್ನು ಸಂಘದ ವಂತಿಗೆಯಿಂದ ಮಾಡಲು ಹೊರಟರೆ ನಮ್ಮ ಹಕ್ಕನ್ನೇ ಬಿಟ್ಟುಕೊಟ್ಟಂತೆ. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆಗಳು ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು. ಸಂಘ ತನ್ನ ಬೇಡಿಕೆಯನ್ನು ಬರೆದು, ಸಹಿ ಮಾಡಿಸಿ, ಅಲ್ಲಿ ಕೊಟ್ಟು, ಸ್ವೀಕೃತಿ ಪಡೆಯಬೇಕು. ಕೆಲಸ ಎಲ್ಲಿಗೆ ಬಂತೆಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಬರಬೇಕು.

ನಿಮ್ಮ ಪಾಲು

ನಿಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ. ನೋಂದಣಿ ಪತ್ರಕ್ಕೆ ಸಹಿ ಹಾಕಲಾಗದು. ಆದರೆ ಮಕ್ಕಳ ಗ್ರಾಮಸಭೆಯಲ್ಲಿ ಮಾತಾಡಬಹುದು. ಕಾರ್ಯದರ್ಶಿಗೆ ನಡಾವಳಿ ಬರೆದುಕೊಡಬಹುದು, ಖಜಾಂಚಿಗೆ ನಗದು ಪುಸ್ತಕ ಹಾಕಿಕೊಡಬಹುದು, ಅಕ್ಷರ ಬಾರದ ಹಿರಿಯರಿಗೆ ಅರ್ಜಿ ಓದಿ ಹೇಳಬಹುದು. ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ಈ ಗಡಿಭಾಗದಲ್ಲಿ ಒಂದೇ ನೋಟಿಸನ್ನು ಮೂರು ಮನೆಗೆ ಮೂರು ಭಾಷೆಯಲ್ಲಿ ತಿಳಿಸಬಲ್ಲವರು ನೀವೇ.

ಅಭ್ಯಾಸ

1. ನಿಮ್ಮ ಓಣಿಯ ನಕ್ಷೆ ಬರೆಯಿರಿ. ಅತಿ ತಗ್ಗಿನ ಜಾಗ, ಅತಿ ಎತ್ತರದ ಜಾಗ, ಗಟಾರ ಹರಿಯುವ ದಿಕ್ಕು ಗುರುತಿಸಿ. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹಿರಿಯರನ್ನು ಕೇಳಿ ಗೆರೆ ಎಳೆಯಿರಿ.

2. ಮೇಲಿನ 40 ಮನೆಗಳಲ್ಲಿ 31 ಮನೆಗಳು ಮಾತ್ರ ವಂತಿಗೆ ಕೊಟ್ಟರೆ ವರ್ಷದ ಜಮಾ ಎಷ್ಟು? ಯಾವ ಖರ್ಚನ್ನು ಉಳಿಸಿಕೊಳ್ಳುವಿರಿ, ಯಾವುದನ್ನು ಬಿಡುವಿರಿ? ಕಾರಣ ಕೊಡಿ.

3. ಬೀದಿದೀಪ ಕೇಳಿ ವಾರ್ಡ್ ಸಭೆಗೆ ಕೊಡುವ ಅರ್ಜಿಯನ್ನು ಹತ್ತು ಸಾಲಿನಲ್ಲಿ ಬರೆಯಿರಿ.

4. ನಿಮ್ಮ ಓಣಿಯಲ್ಲಿ ನೀರು ಬಂದರೆ ತಾವಾಗಿ ಹೊರಬರಲಾಗದವರು ಎಷ್ಟು ಮಂದಿ? ಅವರಲ್ಲಿ ಒಬ್ಬರ ಹೊಣೆ ಹೊರಲು ನೀವು ಸಿದ್ಧರಿದ್ದೀರಾ?

ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕಿಲ್ಲ. ಆ ಮನೆಗೆ ಹೋಗಿ ಹೇಳಿ ಬಂದರೆ ಸಾಕು.