ಚೆಂಡುಹೂವು ಬಾಡುವ ಮೊದಲು

ನೋಡವ್ವ, ಫೋನಿನಲ್ಲಿ ಸಿಕ್ಕ ಯಾವುದೋ ದೇಶದ ಗುಲಾಬಿಯನ್ನು ಎಣ್ಣೆಬಣ್ಣದಲ್ಲಿ ಇಳಿಸುತ್ತಿದ್ದೀಯ ಎಂದು ನಿಮ್ಮಪ್ಪ ಹೇಳಿದ. ಕೈ ಪಳಗಲಿ, ಬೇಡವೆನ್ನುವುದಿಲ್ಲ. ಆದರೆ ಆ ಹೂವಿನ ಮೇಲಿನ ಬೆಳಕನ್ನು ಕ್ಯಾಮೆರಾ ಆಗಲೇ ತೀರ್ಮಾನಿಸಿಬಿಟ್ಟಿದೆ, ನಿನಗೆ ಉಳಿದಿರುವುದು ನಕಲು. ಪಾಂಡವಪುರದ ಪೇಟೆಯಲ್ಲಿ ಚೆಂಡುಹೂವು, ಸೇವಂತಿಗೆ ಸಿಗುತ್ತದೆ. ಹಾರಕ್ಕೆ ಕಿತ್ತ ಹೂವಿಗೆ ತೊಟ್ಟು ಗಿಡ್ಡ. ಹೊಲದವರನ್ನು ಕೇಳಿ ಕೊಂಬೆ ಸಮೇತ ತಂದರೆ ಇನ್ನೂ ಮೇಲು. ಗಾಜಿನ ಹೂದಾನಿ ಬೇಡ, ಹಿತ್ತಾಳೆಯದಿರಲಿ. ಹಿತ್ತಾಳೆ, ಕಂಚಿನ ಕೆಲಸಕ್ಕೆ ನಾಗಮಂಗಲ ಹೆಸರಾದ ಊರು. ನಿಮ್ಮ ಅಟ್ಟದ ಮೇಲೂ ಹಳೆಯ ಹಿತ್ತಾಳೆ ಚೊಂಬು ಇದ್ದೇ ಇರುತ್ತದೆ. ಅದರ ಹೊಟ್ಟೆಯ ಮೇಲೆ ಹೂವಿನ ಕೇಸರಿ ಮತ್ತೆ ಬಂದು ಕೂರುವುದನ್ನು ನೋಡು.

ಕುಂಚ ಹಿಡಿಯುವ ಮೊದಲು ಎರಡು ಕಡೆ ಹೋಗಿ ಬಾ. ಶ್ರೀರಂಗಪಟ್ಟಣದ ದರಿಯಾ ದೌಲತ್, ಟಿಪ್ಪು 1784ರಲ್ಲಿ ಕಟ್ಟಿಸಿದ್ದು. ಎಲ್ಲರೂ ಪೊಲ್ಲಿಲೂರಿನ ಯುದ್ಧದ ಚಿತ್ರದ ಮುಂದೆಯೇ ನಿಲ್ಲುತ್ತಾರೆ. ನೀನು ಒಳಗಿನ ಗೋಡೆಯ ಹೂಬಳ್ಳಿಗಳನ್ನು ನೋಡು. ಅಲ್ಲಿ ಹೂವು ಅಲಂಕಾರ: ಒಂದರಂತೆ ಇನ್ನೊಂದು, ಯಾವುದಕ್ಕೂ ನೆರಳಿಲ್ಲ. ಅದು ಆ ಕಲೆಯ ಕೊರತೆಯಲ್ಲ, ಅದರ ಉದ್ದೇಶವೇ ಬೇರೆ. ಆಮೇಲೆ ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿಗೆ ಹೋಗು. ಹದಿಮೂರನೇ ಶತಮಾನದ ಲಕ್ಷ್ಮೀನಾರಾಯಣ ಗುಡಿಯ ಗೋಡೆಯ ಬುಡದಲ್ಲಿ ಕಲ್ಲಿನ ಬಳ್ಳಿ ಸುತ್ತುವರಿದಿದೆ. ಬಿಸಿಲು ಓರೆಯಾಗಿ ಬಿದ್ದಾಗ ಬಳ್ಳಿ ಎದ್ದು ಬರುತ್ತದೆ, ನೆತ್ತಿಯ ಬಿಸಿಲಿಗೆ ಚಪ್ಪಟೆಯಾಗುತ್ತದೆ. ನಿನ್ನ ಚೊಂಬನ್ನೂ ಕಿಟಕಿಯ ಒಂದೇ ಪಕ್ಕದ ಬೆಳಕಿಗಿಡು, ಟ್ಯೂಬ್‌ಲೈಟ್ ಆರಿಸು.

ಇನ್ನು ಕೆಲಸ. ಬಿಳಿ ಕ್ಯಾನ್ವಾಸಿಗೆ ಮೊದಲು ಟರ್ಪೆಂಟೈನ್ ಬೆರೆಸಿದ ತೆಳು ಕಂದು ಬಳಿ. ಕಣ್ಣು ಕಿರಿದಾಗಿಸಿ ನೋಡು. ಎಸಳೆಲ್ಲ ಮಾಯವಾಗಿ ಮೂರು ನಾಲ್ಕು ಗುಡ್ಡೆ ಉಳಿಯುತ್ತವೆ. ದೊಡ್ಡ ಕುಂಚದಲ್ಲಿ ಆ ಗುಡ್ಡೆಗಳನ್ನೇ ಹಾಕು. ನೆರಳಿಗೆ ಕಪ್ಪು ಬೆರೆಸಬೇಡ, ಹಳದಿ ಕೊಳೆಯಾಗಿ ಹಸಿರಿಗೆ ತಿರುಗುತ್ತದೆ. ಚೆಂಡುಹೂವಿನ ಸಂದಿಗೆ ಕೆಂಗಂದು ಸಾಕು. ಬಿಳಿ ಸೇವಂತಿಗೆಯ ಬಹುಪಾಲು ಬಿಳಿಯಲ್ಲ, ಬೂದು, ನಸುನೀಲಿ, ಎಲೆಯ ಹಸಿರು. ಟ್ಯೂಬಿನ ಬಿಳಿ ಬಣ್ಣ, ಬಿಸಿಲು ನೇರ ತಾಗುವ ಒಂದೆರಡು ಎಸಳಿಗೆ ಮಾತ್ರ. ಅದನ್ನು ದಪ್ಪಗೆ ಇಡು, ಇಟ್ಟಮೇಲೆ ಮತ್ತೆ ಮುಟ್ಟಬೇಡ. ಹುಡುಗರು ಹಾಳು ಮಾಡಿಕೊಳ್ಳುವುದು ಇಲ್ಲೇ: ತಿದ್ದಿ ತೀಡಿ ಹೂವನ್ನು ಪ್ಲಾಸ್ಟಿಕ್ ಮಾಡುತ್ತಾರೆ.

ಹೂವು ಮೊದಲು, ಚೊಂಬು ಆಮೇಲೆ. ಹಿತ್ತಾಳೆ ನಾಳೆಯೂ ಹಾಗೇ ಇರುತ್ತದೆ. 1888ರ ಆಗಸ್ಟಿನಲ್ಲಿ ಫ್ರಾನ್ಸಿನ ಆರ್ಲ್‌ನಲ್ಲಿ ಸೂರ್ಯಕಾಂತಿ ಬರೆಯುವಾಗ ವ್ಯಾನ್ ಗೋ ಬೆಳಗಾಗುವಾಗಲೇ ಕೂರುತ್ತಿದ್ದ, ಹೂವು ಬೇಗ ಬಾಡುತ್ತದೆಂದು. ಆ ಆತುರ ಕುಂಚದ ಏಟುಗಳಲ್ಲಿ ಹಾಗೇ ಉಳಿದಿದೆ. ಆದರೆ ಅವನು ಬಳಸಿದ ಕ್ರೋಮ್ ಹಳದಿ ಅಲ್ಲಲ್ಲಿ ಕಂದಾಗಿದೆ. ಆದ್ದರಿಂದ ಬಣ್ಣ ಕೊಳ್ಳುವಾಗ ಬೆಳಕಿಗೆ ಎಷ್ಟು ತಾಳುತ್ತದೆಂದು ಟ್ಯೂಬಿನ ಮೇಲೆ ಓದು. ಅಲಿಜರಿನ್ ಕ್ರಿಮ್ಸನ್ ಕೂಡ ಮಾಸುವ ಬಣ್ಣವೇ. ಅಷ್ಟು ದೂರ ಯಾಕೆ, ನಮ್ಮ ರುಮಾಲೆ ಚನ್ನಬಸವಯ್ಯನವರ ಚಿತ್ರ ನೋಡು. ಸ್ವಾತಂತ್ರ್ಯ ಹೋರಾಟ, ರಾಜಕೀಯ ಎಲ್ಲ ಕಂಡ ಮನುಷ್ಯ, ಬೆಂಗಳೂರಿನ ಹೂಮರಗಳ ಎದುರಿಗೆ ಕೂತು ಬರೆದರು. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ಗೀಟು, ಹಿಂದೆ ಸರಿದರೆ ಮರ. ಸೊಬಗಿಗಿಂತ ಅವರ ಧೈರ್ಯ ನನಗೆ ಹೆಚ್ಚು ಇಷ್ಟ.

ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು. ತಲೆಕೆಳಗಾದರೆ ಬಿರುಕು ಬಿಡುತ್ತದೆ. ಬಣ್ಣದಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಅದಕ್ಕೇ ವಾರ್ನಿಷ್‌ಗೆ ಆರು ತಿಂಗಳಾದರೂ ಕಾಯಬೇಕು, ಬಣ್ಣ ದಪ್ಪವಿದ್ದರೆ ವರ್ಷ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರವಿ ಹೊರಗೆ ಒಣಗಿಸು, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡು. ನಿಮ್ಮಮ್ಮನ ಸೌದೆಯ ಹತ್ತಿರವಂತೂ ಬೇಡವೇ ಬೇಡ.