ಜ್ವರ ಬಿಟ್ಟಿತು, ನೋವು ಬಿಡಲಿಲ್ಲ



*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಮಳೆ ಹಿಡಿದಿದೆ. ತೊಕ್ಕೊಟ್ಟಿನ ಆಚೀಚೆ ಮನೆಗಳಲ್ಲಿ ಜ್ವರದ ಸುದ್ದಿ ಕೇಳುವ ಕಾಲ. ಹಾಗಾಗಿ ಇಂದಿನ ಪಾಠವನ್ನು ನನ್ನ ಅಮ್ಮನ ಬೆರಳುಗಳಿಂದ ಶುರು ಮಾಡುತ್ತೇನೆ.

2008ರ ಮಳೆಗಾಲ. ಅಮ್ಮ ಸುಳ್ಯದ ಕಡೆ ತನ್ನ ತಂಗಿಯ ಮನೆಗೆ ಹೋಗಿ ಬಂದ ವಾರದಲ್ಲೇ ಜ್ವರ ಹಿಡಿದು ಮಲಗಿದರು. ಆ ವರ್ಷ ನಮ್ಮ ಜಿಲ್ಲೆಯಲ್ಲಿ ಚಿಕುನ್‌ಗುನ್ಯ ಹರಡಿದ್ದು ಹಿರಿಯರಿಗೆ ನೆನಪಿರಬಹುದು. ನಾಲ್ಕೈದು ದಿನದಲ್ಲಿ ಜ್ವರ ಇಳಿಯಿತು. ಕೈಬೆರಳು, ಮಣಿಕಟ್ಟು, ಕಾಲಗಂಟು ಮಾತ್ರ ಊದಿಕೊಂಡೇ ಉಳಿದವು. ಅಮ್ಮ ಬೀಡಿ ಕಟ್ಟುವವರು. ದಿನಕ್ಕೆ ಸಾವಿರ ಕಟ್ಟುತ್ತಿದ್ದ ಕೈಗೆ ಮುನ್ನೂರು ಆಗುವುದೂ ಕಷ್ಟವಾಯಿತು. ಎಲೆ ಕತ್ತರಿಸಲು ಕತ್ತರಿ ಹಿಡಿಯಲಾಗದು, ತುದಿ ಮಡಚಲು ಬೆರಳು ಬಗ್ಗದು. ಬ್ರಾಂಚಿಗೆ ಬೀಡಿ ಹೋಗದಿದ್ದರೆ ಮನೆಗೆ ದುಡ್ಡು ಬಾರದು.

ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಮ್ಮ ಚಹಾದ ಗ್ಲಾಸು ಕೈಜಾರಿ ಬೀಳಿಸಿದರು. ನಾನು ಹೇಳಿದೆ: "ಎಂತ ಅಮ್ಮ, ಜ್ವರ ಬಿಟ್ಟು ಆರು ತಿಂಗಳಾಯ್ತು. ಇನ್ನೂ ಎಂತ ನೋವು ನಿಮಗೆ?"

ಅಮ್ಮ ಮಾತಾಡಲಿಲ್ಲ. ಅಂದಿನಿಂದ ನೋವಿನ ವಿಷಯವನ್ನೇ ಎತ್ತಲಿಲ್ಲ. ಭಾನುವಾರದ ವಂದನೆಗೂ ಬರುವುದು ಬಿಟ್ಟರು. ಕೇಳಿದರೆ "ಕೆಲಸ ಉಂಟು" ಎನ್ನುತ್ತಿದ್ದರು.

*ಮೊದಲ ವಿಷಯ: ಇದು ಯಾವ ನೋವು?*

ಈ ವೈರಸ್ ಮೊದಲು ಪತ್ತೆಯಾದದ್ದು 1952ರಲ್ಲಿ, ಇಂದಿನ ತಾಂಜಾನಿಯಾದಲ್ಲಿ. ಅಲ್ಲಿನ ಮಕೊಂಡೆ ಜನರ ಭಾಷೆಯಲ್ಲಿ ಚಿಕುನ್‌ಗುನ್ಯ ಎಂದರೆ ಬಾಗಿಸಿಬಿಡುವುದು ಎಂಬ ಅರ್ಥ. ನೋವಿಗೆ ಬೆನ್ನು ಬಾಗಿ ನಡೆಯುವ ರೋಗಿಯನ್ನು ನೋಡಿಯೇ ಹೆಸರಿಟ್ಟರು. ಭಾರತದಲ್ಲಿ ಇದು 1963ರಲ್ಲಿ ಕೋಲ್ಕತ್ತಾದಲ್ಲಿ ಕಾಣಿಸಿಕೊಂಡಿತ್ತು. 1973ರ ನಂತರ ಮೂವತ್ತು ವರ್ಷ ದೊಡ್ಡ ಸದ್ದಿರಲಿಲ್ಲ. 2006ರಲ್ಲಿ ಮರಳಿ ಬಂದಾಗ ಕರ್ನಾಟಕವೊಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು.

ರಕ್ತದಲ್ಲಿರುವ ವೈರಸ್ ಸಾಮಾನ್ಯವಾಗಿ ಒಂದು ವಾರದೊಳಗೆ ಹೋಗುತ್ತದೆ. ಅದರ ವಿರುದ್ಧ ಎದ್ದ ದೇಹದ ರಕ್ಷಣಾ ಶಕ್ತಿ ಮಾತ್ರ ಕೆಲವರಲ್ಲಿ ಬೇಗ ಶಾಂತವಾಗುವುದಿಲ್ಲ. ಕೀಲುಗಳಲ್ಲಿ ಉರಿಯೂತ ಉಳಿದುಬಿಡುತ್ತದೆ. ಹೆಚ್ಚಿನವರು ಕೆಲವು ವಾರಗಳಲ್ಲಿ ಗುಣವಾಗುತ್ತಾರೆ. ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ನೋವು ಇರುತ್ತದೆ. ನಡುವಯಸ್ಸು ದಾಟಿದವರಲ್ಲಿ, ಹೆಂಗಸರಲ್ಲಿ, ಮೊದಲೇ ಗಂಟುನೋವು ಇದ್ದವರಲ್ಲಿ ಇದು ಹೆಚ್ಚು. ಬೆಳಿಗ್ಗೆ ಎದ್ದಾಗ ಕೀಲು ಬಿಗಿದುಕೊಂಡಿದ್ದು ಹೊತ್ತು ಏರಿದಂತೆ ಸಡಿಲವಾಗುತ್ತದೆ. ಮಧ್ಯಾಹ್ನ ಓಡಾಡುವುದನ್ನು ಕಂಡವರು "ಬೆಳಿಗ್ಗೆ ಮಾಡಿದ್ದು ನಾಟಕ" ಎನ್ನುತ್ತಾರೆ. ನಾಟಕ ಅಲ್ಲ, ಈ ಕಾಯಿಲೆಯ ಸ್ವಭಾವವೇ ಹಾಗೆ.

*ಎರಡನೇ ವಿಷಯ: ಇದು ಯಾರ ಮುನಿಸು?*

ನಾವು ದೀಕ್ಷೆ ತೆಗೆದುಕೊಂಡು ಆಗ ಎರಡು ವರ್ಷವಷ್ಟೆ. ಸಂಬಂಧಿಕರೊಬ್ಬರು ಬಂದು, "ಮನೆಯ ದೈವವನ್ನು ಬಿಟ್ಟಿರಲ್ಲ, ಅದಕ್ಕೇ. ಒಮ್ಮೆ ಪ್ರಶ್ನೆ ಇಟ್ಟು ನೋಡಿ" ಎಂದರು. ಇನ್ನೊಬ್ಬರು, "ಹಿಂದಿನ ಜನ್ಮದ ಕರ್ಮ" ಎಂದರು. ಸುಳ್ಳು ಹೇಳುವುದಿಲ್ಲ, ನನ್ನ ಮನಸ್ಸೂ ಅಲುಗಾಡಿತು.

ಸಂಯುತ್ತ ನಿಕಾಯದ ಸೀವಕ ಸುತ್ತದಲ್ಲಿ ಪರಿವ್ರಾಜಕನೊಬ್ಬ ಇದೇ ಪ್ರಶ್ನೆ ಕೇಳುತ್ತಾನೆ: ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೇ? ಭಗವಾನರು ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಋತುಬದಲಾವಣೆ, ಪೆಟ್ಟು ಇವುಗಳಿಂದಲೂ ನೋವು ಹುಟ್ಟುತ್ತದೆ. ಎಲ್ಲವನ್ನೂ ಹಿಂದಿನ ಕರ್ಮಕ್ಕೆ ಕಟ್ಟುವವರು ಕಣ್ಣಾರೆ ಕಂಡದ್ದನ್ನೇ ಮೀರಿ ಮಾತಾಡುತ್ತಾರೆ ಎನ್ನುತ್ತಾರೆ. ಬಾಬಾಸಾಹೇಬರೂ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಪೂರ್ವಜನ್ಮದ ಕರ್ಮವಾದವನ್ನು ತಳ್ಳಿಹಾಕಿದರು. ಬಡವನ ಕಷ್ಟಕ್ಕೆ ಬಡವನೇ ಹೊಣೆ ಎಂದು ಹೇಳಿ ಸಮಾಜ ಕೈತೊಳೆದುಕೊಳ್ಳುವ ದಾರಿ ಅದು ಎಂದು ಅವರಿಗೆ ಗೊತ್ತಿತ್ತು.

ಹಾಗಾದರೆ ಕಾರಣ ಯಾವುದು? ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪಿನಲ್ಲಿ, ಬಿದ್ದ ಅಡಿಕೆ ಹಾಳೆಯಲ್ಲಿ, ಹಳೆಯ ಟಯರಿನಲ್ಲಿ ಮಳೆನೀರು ನಿಲ್ಲುತ್ತದೆ. ನೀರು ಇದ್ದುದರಿಂದ ಈಡಿಸ್ ಸೊಳ್ಳೆ, ಸೊಳ್ಳೆ ಇದ್ದುದರಿಂದ ವೈರಸ್ ಮನುಷ್ಯನಿಂದ ಮನುಷ್ಯನಿಗೆ ದಾಟಿತು, ಅದರಿಂದ ಜ್ವರ, ಅದರಿಂದ ಕೀಲುನೋವು. ಇದೇ ಪಟಿಚ್ಚಸಮುಪ್ಪಾದ, ನಮ್ಮ ಅಂಗಳದಲ್ಲೇ ಕಾಣಸಿಗುತ್ತದೆ. ಆ ವರ್ಷ ಕೋಲ ಕೊಡುವವರಿಗೂ ಮಸೀದಿಗೆ ಹೋಗುವವರಿಗೂ ಇಗರ್ಜಿಗೆ ಹೋಗುವವರಿಗೂ ಜ್ವರ ಬಂತು. ಸೊಳ್ಳೆ ಯಾರ ದೀಕ್ಷೆಯನ್ನೂ ಕೇಳಲಿಲ್ಲ.

*ಮೂರನೇ ವಿಷಯ: ಎರಡನೇ ಬಾಣ ಹೊಡೆದವರು ಯಾರು?*

ಸಲ್ಲ ಸುತ್ತದ ಎರಡು ಬಾಣಗಳ ಹೋಲಿಕೆ ನಮಗೆಲ್ಲ ಗೊತ್ತು. ಮೈಯ ನೋವು ಮೊದಲ ಬಾಣ, ಅದಕ್ಕಾಗಿ ಮನಸ್ಸು ಕೊರಗುವುದು ಎರಡನೆಯದು. ರೋಗಿಗೆ ನಾವು ಸುಲಭವಾಗಿ "ಎರಡನೇ ಬಾಣ ಬೇಡ, ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎಂದುಬಿಡುತ್ತೇವೆ. ನನ್ನ ಅಮ್ಮನ ವಿಷಯದಲ್ಲಿ ಆ ಬಾಣವನ್ನು ಬಿಲ್ಲಿಗೆ ಏರಿಸಿಕೊಟ್ಟವನು ನಾನು, ಆ ಚಹಾದ ಬೆಳಿಗ್ಗೆ.

ವಿನಯದ ಮಹಾವಗ್ಗದಲ್ಲಿ ಒಂದು ಪ್ರಸಂಗ ಉಂಟು. ಅತಿಸಾರದಿಂದ ನರಳುವ ಭಿಕ್ಖುವೊಬ್ಬ ತನ್ನದೇ ಮಲಮೂತ್ರದಲ್ಲಿ ಬಿದ್ದಿರುತ್ತಾನೆ. ನಿನ್ನನ್ನು ಯಾರೂ ನೋಡಿಕೊಳ್ಳುವುದಿಲ್ಲವೇ ಎಂದು ಭಗವಾನರು ಕೇಳುತ್ತಾರೆ. ನನ್ನಿಂದ ಬೇರೆ ಭಿಕ್ಖುಗಳಿಗೆ ಏನೂ ಉಪಕಾರವಿಲ್ಲ, ಅದಕ್ಕೇ ಯಾರೂ ನೋಡುವುದಿಲ್ಲ ಎನ್ನುತ್ತಾನೆ ಆತ. ಭಗವಾನರು ನೀರು ಸುರಿಯುತ್ತಾರೆ, ಆನಂದರು ಮೈ ತೊಳೆಯುತ್ತಾರೆ. ಒಬ್ಬರು ತಲೆ, ಒಬ್ಬರು ಕಾಲು ಹಿಡಿದು ಮಂಚದ ಮೇಲೆ ಮಲಗಿಸುತ್ತಾರೆ. ಆಮೇಲೆ ಸಂಘವನ್ನು ಕರೆದು, ನನ್ನ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂಬ ಅರ್ಥದ ಮಾತು ಹೇಳುತ್ತಾರೆ.

ಇದನ್ನು ಓದಿದ ದಿನ ನನಗೆ ಅಮ್ಮನ ಮೌನ ಅರ್ಥವಾಯಿತು. ಸಾವಿರ ಬೀಡಿ ಕಟ್ಟುವಾಗ ಅಮ್ಮ ಮನೆಗೆ ಬೇಕಾಗಿದ್ದರು. ಮುನ್ನೂರಕ್ಕೆ ಇಳಿದಾಗ "ನನ್ನಿಂದ ಉಪಕಾರವಿಲ್ಲ" ಎಂದು ತಾವೇ ಅಂದುಕೊಂಡರು. ಅಲ್ಲ ಎಂದು ಹೇಳಬೇಕಾದವನು ನಾನು ಗ್ಲಾಸಿನ ಲೆಕ್ಕ ಕೇಳಿದೆ.

ಅಂದು ಸಂಜೆ ಅಮ್ಮನ ಹತ್ತಿರ ಕೂತು ಕ್ಷಮೆ ಕೇಳಿದೆ. ಆಗ ಬಾಯಿಬಿಟ್ಟರು: ವಂದನೆಗೆ ಬಾರದಿದ್ದದ್ದು ನೆಲದಲ್ಲಿ ಕಾಲು ಮಡಚಲಾಗದೆ. ಎಲ್ಲರೂ ನೆಲದಲ್ಲಿರುವಾಗ ತಾನೊಬ್ಬಳು ಕುರ್ಚಿಯಲ್ಲಿ ಹೇಗೆ ಕೂರುವುದು ಎಂಬ ನಾಚಿಕೆ. ಇನ್ನೊಂದೂ ಹೇಳಿದರು. ಯಾರೋ ಕೊಟ್ಟ ಮಾತ್ರೆಯನ್ನು ಗುಟ್ಟಾಗಿ ನುಂಗುತ್ತಿದ್ದರು, ನುಂಗಿದ ದಿನ ನೋವು ಮಾಯ. ಡಾಕ್ಟರಿಗೆ ತೋರಿಸಿದಾಗ ಅದು ಸ್ಟೀರಾಯ್ಡ್ ಎಂದು ಗೊತ್ತಾಯಿತು. ಲೆಕ್ಕವಿಲ್ಲದೆ ತೆಗೆದುಕೊಂಡರೆ ಸಕ್ಕರೆ ಕಾಯಿಲೆ ಏರುತ್ತದೆ, ಮೂಳೆ ಸವೆಯುತ್ತದೆ. ತಟ್ಟನೆ ನಿಲ್ಲಿಸುವುದೂ ಅಪಾಯ. ಸರಿಯಾದ ಔಷಧಿ, ಬಿಸಿನೀರಿನ ಶಾಖ, ದಿನವೂ ಬೆರಳು ಬಿಚ್ಚಿ ಮಡಚುವ ಸಣ್ಣ ವ್ಯಾಯಾಮ ಇವುಗಳಿಂದ ಎರಡನೇ ವರ್ಷ ಕೈ ಬಹಳಷ್ಟು ಸರಿಯಾಯಿತು. ಸಾವಿರ ಬೀಡಿ ಮಾತ್ರ ಮತ್ತೆ ಆಗಲಿಲ್ಲ.

ಮುಂದಿನ ಭಾನುವಾರ ನಮ್ಮ ವಲಯದವರು ಒಂದು ಕುರ್ಚಿ ಇಡಲಿಲ್ಲ, ಆರು ಇಟ್ಟರು. ಆರೂ ತುಂಬಿದವು! ಮಂಡಿನೋವು ಅಮ್ಮನೊಬ್ಬರಿಗೇ ಇರಲಿಲ್ಲ ನೋಡಿ. ಬೆನ್ನು ನೋಯುವಾಗ ಭಗವಾನರೇ ಉಪದೇಶವನ್ನು ಆನಂದರಿಗೆ ಒಪ್ಪಿಸಿ ಮಲಗಿದ್ದರು ಎಂದು ಸೇಖ ಸುತ್ತ ಹೇಳುತ್ತದೆ. ಬಾಬಾಸಾಹೇಬರು ಕೊನೆಯ ವರ್ಷಗಳಲ್ಲಿ ಸಕ್ಕರೆ ಕಾಯಿಲೆ, ಕಾಲುನೋವಿನಿಂದ ಬಳಲುತ್ತಾ ಕೋಲು ಹಿಡಿದೇ ನಡೆದರು. ಅದೇ ದೇಹದಲ್ಲಿ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಮಗೆ ದಾರಿ ತೋರಿಸಿದರು. ಕುರ್ಚಿಯಲ್ಲಿ ಕೂತು ಹೇಳಿದ ತ್ರಿಸರಣಕ್ಕೆ ಯಾವ ಕೊರತೆಯೂ ಇಲ್ಲ.

*ಇಂದಿನ ಅಭ್ಯಾಸ*

1. ವಾರಕ್ಕೊಂದು ದಿನ ಮನೆಯ ಸುತ್ತ ನಿಂತ ನೀರು ಚೆಲ್ಲಿ. ಚಿಪ್ಪು, ಟಯರು, ಟಾರ್ಪಾಲಿನ ಮಡಿಕೆ, ಫ್ರಿಜ್ಜಿನ ಹಿಂದಿನ ತಟ್ಟೆ, ಎಲ್ಲ ನೋಡಿ. ಈ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ.

2. ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ. ಡೆಂಗ್ಯೂ ಅಲ್ಲ ಎಂದು ಖಚಿತವಾಗುವ ತನಕ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಮೂರು ತಿಂಗಳಾದರೂ ಕೀಲುನೋವು ಹೋಗದಿದ್ದರೆ ಸಂಧಿವಾತದ ತಜ್ಞರಿಗೆ ತೋರಿಸಿ.

3. ನೋವಿರುವವರು ಮುಚ್ಚಿಡಬೇಡಿ. ನೋವು ಏರಿದೆಯೋ ಇಳಿದಿದೆಯೋ ಇದ್ದದ್ದನ್ನು ಹೇಳುವುದು ರೋಗಿಯ ಗುಣ ಎಂದು ಅದೇ ಮಹಾವಗ್ಗದಲ್ಲಿದೆ. ನೋಡಿಕೊಳ್ಳುವವರು "ಇನ್ನೂ ಎಂತ ನೋವು" ಎನ್ನಬೇಡಿ. "ಇವತ್ತು ಹೇಗುಂಟು?" ಎಂದು ಕೇಳಿ, ಉತ್ತರ ಮುಗಿಯುವ ತನಕ ಕೂತಿರಿ.

*ಯೋಚಿಸಲು:* ನಮ್ಮ ಭಾನುವಾರದ ವಂದನೆಗೆ ಈಚೆಗೆ ಬಾರದೆ ಇರುವವರು ಯಾರು? ಇಂದು ಅವರ ಮನೆಗೆ ಯಾರು ಹೋಗುತ್ತೀರಿ?

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. 🙏